ಗೋಡೆ ಯಾರದು?

ನಮ್ಮ ಜಿಲ್ಲೆಯ ಕುಮಟಗಿಯಲ್ಲಿ, ಆದಿಲಶಾಹಿಗಳ ವಿಲಾಸಮಂಟಪದ ಗೋಡೆಗಳ ಮೇಲೆ, ಕುದುರೆಯೇರಿ ಚೆಂಡಾಡುವವರ ಚಿತ್ರಗಳಿವೆ. ಅರಸರ ಗೋಡೆ ಅರಸರ ವಿನೋದವನ್ನು ಹೇಳಿದರೆ ಸೋಜಿಗವಿಲ್ಲ. ಆದರೆ ಜನರ ತೆರಿಗೆಯಿಂದ ಎದ್ದ ಗೋಡೆ ಯಾರ ಮಾತು ಹೇಳಬೇಕು?

ಇದೇ ಪ್ರಶ್ನೆ ದೂರದ ನ್ಯೂಯಾರ್ಕಿನಲ್ಲಿಯೂ ಎದ್ದಿತ್ತು. ಕಲ್ಲಚ್ಚಿನ ಕೆಲಸದಲ್ಲಿ ದುಡಿದು ಬೆಳೆದ ಚಿತ್ರಗಾರ ಬೆನ್ ಶಾನ್, ಗೆಳೆಯ ಲೂ ಬ್ಲಾಕ್ ಜೊತೆಗೂಡಿ, 1934ರಲ್ಲಿ ರೈಕರ್ಸ್ ದ್ವೀಪದ ಸೆರೆಮನೆಯ ಗೋಡೆಗಳಿಗೆಂದು ಕರಡು ಚಿತ್ರಗಳನ್ನು ಬರೆಯತೊಡಗಿದ. ಒಂದು ಕಡೆ ಹಳೆಯ ಸೆರೆಮನೆಯ ಕ್ರೌರ್ಯ. ಇನ್ನೊಂದು ಕಡೆ ಕೆಲಸ ಕಲಿಸಿ ಕೈದಿಯನ್ನು ತಿದ್ದುವ ಸುಧಾರಣೆ. ಮೇಯರ್ ಲಾ ಗಾರ್ಡಿಯಾ ಒಪ್ಪಿದರು. 1935ರಲ್ಲಿ ನಗರದ ಕಲಾ ಆಯೋಗ ಮಾತ್ರ, ಇದು ಕೈದಿಗಳ ಮನಸ್ಸಿಗೆ ಒಗ್ಗದೆಂದು ತಿರಸ್ಕರಿಸಿತು. ಕೈದಿಗಳನ್ನೇ ಕೇಳಿದಾಗ ಹೆಚ್ಚಿನವರು ಮೆಚ್ಚಿದ್ದರು! ಆದರೂ ಚಿತ್ರ ಗೋಡೆಗೇರಲಿಲ್ಲ, ಕರಡುಗಳಷ್ಟೇ ಉಳಿದವು. ಮುಂದೆ 1937-38ರಲ್ಲಿ, ಬಟ್ಟೆ ಹೊಲಿಯುವ ಕಾರ್ಮಿಕರ ವಸತಿಯೊಂದರಲ್ಲಿ ಅದೇ ಕೈಗೆ ಗೋಡೆ ಸಿಕ್ಕಿತು.

ಜನರ ಹಿತವೆಂದು ಹೇಳಿ ಜನರನ್ನೇ ಕೇಳದಿರುವುದು ಆಳುವವರ ಹಳೆಯ ಚಾಳಿ. ನಾಳೆ ನಮ್ಮೂರ ಸಾಲೆ, ದವಾಖಾನೆ, ಸಂತೆಕಟ್ಟೆಗಳ ಗೋಡೆಗೆ ಬಣ್ಣ ಬಳಿಯುವ ಮೊದಲು, ಅವುಗಳ ನೆರಳಲ್ಲಿ ದುಡಿಯುವವರನ್ನು ಕೇಳಲಿ. ಕೇಳದಿದ್ದರೆ ನಾವೇ ಹೋಗಿ ಹೇಳೋಣ.