‘ಅವಂಕ್ಯುಲರ್’: ಮಾವನ ಅಕ್ಕರೆಯೊ, ಚಿಕ್ಕಪ್ಪನದೊ?

ಕಿರಿಯರ ಬಗೆಗೆ ಹಿರಿಯನೊಬ್ಬನು ತೋರುವ, ಅಧಿಕಾರದ ಬಿಗಿಯಿಲ್ಲದ ಅಕ್ಕರೆಯನ್ನು ಇಂಗ್ಲಿಷಿನಲ್ಲಿ ‘ಅವಂಕ್ಯುಲರ್’ ಎಂಬ ವಿಶೇಷಣ ಸೂಚಿಸುತ್ತದೆ. ಇದನ್ನು ಕನ್ನಡಿಸುವಾಗ ‘ಚಿಕ್ಕಪ್ಪನಂಥ’ ಎಂದು ಬರೆದುಬಿಡುವುದು ಸುಲಭ. ಆದರೆ ಪದದ ನಿಷ್ಪತ್ತಿ ಚಿಕ್ಕಪ್ಪನನ್ನು ಒಪ್ಪುವುದಿಲ್ಲ. ಲ್ಯಾಟಿನ್ನಿನಲ್ಲಿ ‘ಅವುಸ್’ ಎಂದರೆ ಅಜ್ಜ. ಅದರ ಅಲ್ಪಾರ್ಥಕ ರೂಪವಾದ ‘ಅವುಂಕುಲುಸ್’ ತಾಯಿಯ ಸೋದರನನ್ನು ಹೇಳುತ್ತಿತ್ತು. (ನಮ್ಮ ‘ಅವ್ವ’ನೊಡನೆ ಇದನ್ನು ಗಂಟುಹಾಕುವ ಉತ್ಸಾಹ ಕೆಲವರಿಗೆ ಬರಬಹುದು, ಧ್ವನಿಸಾಮ್ಯವೊಂದೇ ಜ್ಞಾತಿತ್ವಕ್ಕೆ ಸಾಕ್ಷಿಯಾಗದು.) ತಂದೆಯ ಸೋದರನಿಗೆ ‘ಪತ್ರುಉಸ್’ ಎಂಬ ಬೇರೆಯ ಪದವೇ ಇತ್ತು. ಕುತೂಹಲದ ಸಂಗತಿಯೆಂದರೆ, ಹೊರೇಸನ ಕಾವ್ಯದಲ್ಲಿ ಈ ಪದ ಗದರಿಸಿ ತಿದ್ದುವ ಕಟುನಾಲಗೆಯ ಹಿರಿಯನಿಗೆ ಸಲ್ಲುತ್ತದೆ. ಅಂದರೆ ರೋಮನರ ಚಿಕ್ಕಪ್ಪನು ‘ಅವಂಕ್ಯುಲರ್’ ಭಾವಕ್ಕೆ ವಿರುದ್ಧ ಧ್ರುವ!

ಹಳೆಯ ಇಂಗ್ಲಿಷಿನಲ್ಲಿಯೂ ಎರಡು ಸಂಬಂಧಗಳಿಗೆ ಎರಡು ಪದಗಳಿದ್ದವು. ಫ್ರೆಂಚಿನ ಮೂಲಕ ಬಂದ ‘ಅಂಕಲ್’ ಎರಡನ್ನೂ ನುಂಗಿತು. ‘ಅವಂಕ್ಯುಲರ್’ ಬಳಕೆಗೆ ಬರುವ ವೇಳೆಗೆ ಆ ಭೇದ ಅಳಿದುಹೋಗಿತ್ತು.

ಹಾಗಾದರೆ ‘ಸೋದರಮಾವನಂಥ’ ಎಂದರೆ ಸಾಕೆ? ನಿಷ್ಪತ್ತಿಗೆ ನ್ಯಾಯ ದೊರೆಯುತ್ತದೆ, ಭಾವಕ್ಕೆ ದೊರೆಯುವುದಿಲ್ಲ. ಕನ್ನಡದ ‘ಮಾವ’ ತಾಯಿಯ ಸೋದರನೂ ಹೌದು, ಹೆಂಡತಿಯ ಅಥವಾ ಗಂಡನ ತಂದೆಯೂ ಹೌದು. ಸೋದರಿಕೆಯ ಮದುವೆ ರೂಢಿಯಲ್ಲಿರುವ ಮನೆತನಗಳಲ್ಲಿ ಸೋದರಮಾವನೇ ವರನಾಗಬಹುದು. ವಿದ್ಯಾರ್ಥಿನಿಯೊಬ್ಬಳ ಬಗೆಗೆ ಅಧ್ಯಾಪಕನಿಗಿರುವ ‘ಅವಂಕ್ಯುಲರ್’ ಅಕ್ಕರೆಯನ್ನು ಹೀಗೆ ಅನುವಾದಿಸಿದರೆ, ಮೂಲ ಹೇಳದೆ ಇದ್ದುದನ್ನು ಅನುವಾದ ಹೇಳಿಬಿಡುತ್ತದೆ. ಇನ್ನು ಪುರಾಣಗಳ ಸೋದರಮಾವಂದಿರೋ ಕಂಸ ಮತ್ತು ಶಕುನಿ. ಎಳೆಯರ ಬಾಯಲ್ಲಿ ಮಾತ್ರ ಚಂದಮಾಮ.

ಮಾವನ ಅಕ್ಕರೆ ಸಾರ್ವತ್ರಿಕವಾದುದೂ ಅಲ್ಲ. ದಕ್ಷಿಣ ಆಫ್ರಿಕಾದ ಸಮುದಾಯಗಳನ್ನು ಕುರಿತು 1924ರಲ್ಲಿ ಬರೆದ ರ‍್ಯಾಡ್‌ಕ್ಲಿಫ್-ಬ್ರೌನ್, ಅಧಿಕಾರ ತಂದೆಯ ಕಡೆಯಲ್ಲಿರುವಲ್ಲಿ ಸಲುಗೆ ತಾಯಿಯ ಕಡೆಯವರಲ್ಲಿ ನೆಲೆಸುತ್ತದೆಂದು ವಾದಿಸಿದನು. ಅಳಿಯಸಂತಾನ ಕಟ್ಟಿನ ತುಳುನಾಡಿನಲ್ಲಿ ಕುಟುಂಬದ ಯಜಮಾನಿಕೆ ಸೋದರಮಾವನದಾಗಿತ್ತು. ಅಲ್ಲಿ ಅವನೆದುರು ಸಲುಗೆಗಿಂತ ಅಂಜಿಕೆಯೇ ಸಹಜವಾಗಿತ್ತು.

ಆದ್ದರಿಂದ ನಿಘಂಟುಕಾರರು ‘ಸೋದರಮಾವನಿಗೆ ಸಂಬಂಧಿಸಿದ’ ಎಂಬುದನ್ನು ವ್ಯುತ್ಪತ್ತಿಯ ಭಾಗದಲ್ಲಿ ಕೊಟ್ಟು, ಅರ್ಥದ ಭಾಗದಲ್ಲಿ ‘ಹಿರಿತನದ ಅಕ್ಕರೆಯ’, ‘ಸಲುಗೆಯಿಂದ ಕೂಡಿದ ವಾತ್ಸಲ್ಯದ’ ಎಂಬಂಥ ಬಂಧುವಾಚಕವಿಲ್ಲದ ರೂಪಗಳನ್ನು ಕೊಡುವುದು ಉಚಿತ. ಮಾನವಶಾಸ್ತ್ರದ ಬರಹಗಳಲ್ಲಾದರೋ ‘ಸೋದರಮಾವ’ನನ್ನು ಬಿಡುವಂತಿಲ್ಲ, ಅಲ್ಲಿ ಚರ್ಚೆಯಿರುವುದು ಅಕ್ಕರೆಯದಲ್ಲ, ಸಂಬಂಧದ್ದು.