ಅಪರಿಚಿತ ಸಾರಥಿ

ನಮ್ಮ ಕಾಲದ ಕಚೇರಿಗಳಲ್ಲಿ ಅತ್ಯಂತ ಹೆಚ್ಚು ಸಲ ಉಚ್ಚರಿಸಲ್ಪಡುವ ವಾಕ್ಯ ಯಾವುದೆಂದು ಯಾರಾದರೂ ಕೇಳಿದರೆ ಕ್ಷಣಮಾತ್ರವೂ ತಡೆಯದೆ ಉತ್ತರ ಹೇಳಬಹುದು: “ಸರ್ವರ್ ಬಿದ್ದಿದೆ, ನಾಳೆ ಬನ್ನಿ.” ನ್ಯಾಯಬೆಲೆ ಅಂಗಡಿಯಲ್ಲಿ, ನಾಡಕಚೇರಿಯಲ್ಲಿ, ಬ್ಯಾಂಕಿನಲ್ಲಿ ಈ ಮಾತನ್ನು ಕೇಳದವರು ನಮ್ಮ ಓದುಗರಲ್ಲಿ ಯಾರಿದ್ದಾರೆ? ಕನ್ನಡ ಪಾಠ ಹೇಳುವವನಾದ ನನಗೆ ಈ ವಾಕ್ಯದ ವ್ಯಾಕರಣವೇ ಕುತೂಹಲಕರವಾಗಿ ತೋರುತ್ತದೆ. ‘ಬೀಳು’ ಎಂಬುದು ಅಕರ್ಮಕ ಧಾತು. ಕಾಯಿ ಬಿತ್ತು, ಮಳೆ ಬಿತ್ತು, ಸರ್ವರ್ ಬಿತ್ತು. ಬೀಳಿಸಿದವರು ಯಾರೆಂದು ಅದು ಕೇಳುವುದೂ ಇಲ್ಲ, ಹೇಳುವುದೂ ಇಲ್ಲ. ‘ಬೀಳಿಸಿತು’ ಎಂದು ಬದಲಾಯಿಸಿ ನೋಡಿ; ಒಡನೆಯೇ ಒಂದು ಕರ್ತೃಪದ ಬೇಕಾಗುತ್ತದೆ. ಈ ವಾರ ಆ ಕರ್ತೃವನ್ನು ಹುಡುಕೋಣ.

ಸರ್ವರ್ ಎಂಬುದು ಅನೇಕರಿಗೆ ಏಕಕಾಲದಲ್ಲಿ ಸೇವೆ ಸಲ್ಲಿಸುವ ಗಣಕಯಂತ್ರ. ಅದಕ್ಕೆ ತನ್ನಷ್ಟಕ್ಕೆ ತಾನೇ ಹೊರಜಗತ್ತಿನ ಸಾಧನಗಳ ಭಾಷೆ ತಿಳಿಯದು. ಮುದ್ರಣಯಂತ್ರ, ಹೆಬ್ಬೆಟ್ಟಿನ ಗುರುತು ಓದುವ ಪುಟ್ಟ ಪೆಟ್ಟಿಗೆ, ಮಾಹಿತಿ ತುಂಬಿಡುವ ತಟ್ಟೆ, ಇವುಗಳಲ್ಲಿ ಪ್ರತಿಯೊಂದರ ಮಾತನ್ನು ಯಂತ್ರಕ್ಕೆ ತಿಳಿಯಹೇಳುವ ಸಣ್ಣ ತಂತ್ರಾಂಶವೊಂದು ಬೇಕು. ಅದರ ಹೆಸರು ಡ್ರೈವರ್. ನಮ್ಮ ಮಾತಿನಲ್ಲಿ ಸಾರಥಿ ಎನ್ನೋಣ.

ಈ ಸಾರಥಿಗಳಲ್ಲಿ ಬಹುತೇಕರ ವಾಸಸ್ಥಾನ ಎಲ್ಲಿ? ಗಣಕದ ನಟ್ಟನಡುವಿನ ಭಾಗಕ್ಕೆ ಇಂಗ್ಲಿಷಿನವರು ‘ಕರ್ನೆಲ್’ ಎನ್ನುತ್ತಾರೆ. ತೆಂಗಿನಕಾಯಿಯ ತಿರುಳಿಗೂ ಅವರಲ್ಲಿ ಅದೇ ಪದ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯವರಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಅನಾವಶ್ಯಕ. ನಾವು ನಿತ್ಯ ಬಳಸುವ ತಂತ್ರಾಂಶಗಳೆಲ್ಲ ಹೊರಗಿನ ಮಟ್ಟೆಯಲ್ಲಿರುತ್ತವೆ. ಅವುಗಳಲ್ಲೊಂದು ಕೆಟ್ಟರೆ ಅದೊಂದೇ ನಿಲ್ಲುತ್ತದೆ. ಆದರೆ ಚಿಪ್ಪಿನೊಳಗಣ ತಿರುಳಿಗೆ ಕೊಳೆ ಹತ್ತಿದರೆ ಇಡೀ ಕಾಯಿಯೇ ಹೋಯಿತು. ತಿರುಳಿನಲ್ಲಿ ತಪ್ಪು ಘಟಿಸಿದ್ದನ್ನು ಕಂಡೊಡನೆ ಯಂತ್ರವು ತನ್ನನ್ನು ತಾನೇ ನಿಲ್ಲಿಸಿಕೊಂಡು ದೋಷಸೂಚಕ ಪರದೆಯನ್ನು ತೋರಿಸುತ್ತದೆ. ಕೆಟ್ಟ ನೆನಪಿನಿಂದ ಲೆಕ್ಕ ಬರೆದು ಜನರ ದಾಖಲೆಗಳನ್ನು ಹಾಳುಗೆಡಹುವುದಕ್ಕಿಂತ ಮೌನವೇ ಲೇಸೆಂಬುದು ಅದರ ಧರ್ಮ.

ಹಾಗಾದರೆ ಹೆಸರು ಕೇಳರಿಯದ ಸಾರಥಿಯನ್ನು ಕಂಡೊಡನೆ ಹೊರಗಟ್ಟಬೇಕೆ? ಮಹಾಭಾರತವನ್ನು ಬಲ್ಲವರು ಅವಸರಪಡಲಾರರು. ವಿರಾಟನ ಮಗ ಉತ್ತರನಿಗೆ ದೊರೆತ ಸಾರಥಿ ಬೃಹನ್ನಳೆ, ಅಂತಃಪುರದ ನಾಟ್ಯಾಚಾರ್ಯೆ. ರಥಕ್ಕೆ ಪೂರ್ಣ ಅಪರಿಚಿತೆ. ಆದರೂ ಗೋವುಗಳು ಮರಳಿ ಬಂದದ್ದು ಆಕೆಯಿಂದಲೇ. ಕರ್ಣನಿಗೆ ದೊರೆತ ಸಾರಥಿ ಶಲ್ಯ, ಕುಲಶೀಲಗಳು ಲೋಕವಿದಿತವಾದ ಮದ್ರದೇಶದ ದೊರೆ. ಕರ್ಣನ ತೇಜೋವಧೆ ಮಾಡುವೆನೆಂದು ಧರ್ಮರಾಯನಿಗೆ ಮೊದಲೇ ಮಾತು ಕೊಟ್ಟು ಬಂದವನೂ ಅವನೇ. ಪರಿಚಯವೇ ಭರವಸೆಯಲ್ಲ, ಅಪರಿಚಯವೇ ಅಪರಾಧವಲ್ಲ. ವಿಚಾರಣೆಯೊಂದೇ ದಾರಿ.

ಇದಕ್ಕೆ ನಮ್ಮ ಕಾಲದ ದೊಡ್ಡ ನಿದರ್ಶನ 2024ರ ಜುಲೈ 19ರ ಶುಕ್ರವಾರ ದೊರೆಯಿತು. ಕ್ರೌಡ್‌ಸ್ಟ್ರೈಕ್ ಎಂಬ ಅಮೆರಿಕದ ರಕ್ಷಣಾ ತಂತ್ರಾಂಶದ ಸಂಸ್ಥೆ ಅಂದು ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 9 ಗಂಟೆ 39 ನಿಮಿಷಕ್ಕೆ ಒಂದು ಪುಟ್ಟ ಕಡತವನ್ನು ಲೋಕಕ್ಕೆಲ್ಲ ಹಂಚಿತು. ಅದನ್ನು ಓದಬೇಕಾದ ಸಾರಥಿ ತಿರುಳಿನೊಳಗೆ ಕುಳಿತಿದ್ದ. ಅವನು ಹಳಬ, ಮುದ್ರೆಯೊತ್ತಿಸಿಕೊಂಡು ಬಂದವ. ಹೊಸ ಕಡತವಾದರೋ 21ನೆಯ ಅಂಶವೊಂದನ್ನು ಪರಿಶೀಲಿಸೆಂದಿತು. ಅವನ ಬಳಿ ಇದ್ದವು 20 ಮಾತ್ರ. ಇಲ್ಲದ ಕಾಯಿಗೆ ಬುಟ್ಟಿಯಲ್ಲಿ ಕೈಹಾಕಿದಂತಾಯಿತು, ಯಂತ್ರ ನಿಂತಿತು. 78 ನಿಮಿಷಗಳಲ್ಲಿ ಸಂಸ್ಥೆ ಆ ಕಡತವನ್ನು ಹಿಂತೆಗೆದುಕೊಂಡಿತಾದರೂ ಅಷ್ಟರೊಳಗೆ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಬಾಧಿತವಾಗಿದ್ದವೆಂದು ಮೈಕ್ರೋಸಾಫ್ಟ್ ಸಂಸ್ಥೆ ಅಂದಾಜು ಮಾಡಿತು. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿಯೂ ಪ್ರಯಾಣಿಕರ ಸಾಲು ಬೆಳೆಯಿತು. ದೇಶದ ಕೆಲವು ನಿಲ್ದಾಣಗಳಲ್ಲಿ ವಿಮಾನವೇರುವ ಚೀಟಿಯನ್ನು ಕೈಯಲ್ಲೇ ಬರೆದುಕೊಟ್ಟರು. ಕೈಬರಹಕ್ಕೆ ಆ ಒಂದು ದಿನ ಮರ್ಯಾದೆ ಮರಳಿತೆಂದು ನನ್ನಂಥವರು ಒಳಗೊಳಗೇ ಸಂತೋಷಪಟ್ಟಿದ್ದರೆ ಕ್ಷಮಿಸಬೇಕು.

ಪರಿಹಾರ ಸರಳವಾಗಿತ್ತು. ಹೊರಗಿನ ಸಾರಥಿಗಳಿಗೆ ಪ್ರವೇಶವಿಲ್ಲದ ‘ಸೇಫ್ ಮೋಡ್’ ಎಂಬ ಸ್ಥಿತಿಯಲ್ಲಿ ಯಂತ್ರವನ್ನು ಎಬ್ಬಿಸಿ, 291 ಎಂಬ ಅಂಕಿಯುಳ್ಳ ಆ ಒಂದು ಕಡತವನ್ನು ಅಳಿಸುವುದು. ಆದರೆ ಎದ್ದೇಳಲಾರದ ಯಂತ್ರಕ್ಕೆ ದೂರದಿಂದ ಆಜ್ಞೆ ತಲುಪದು. ಅನೇಕ ಕಡೆ ಮನುಷ್ಯರೇ ಒಂದೊಂದು ಯಂತ್ರದ ಬಳಿಗೂ ಹೋಗಬೇಕಾಯಿತು.

ಅಂದು ಅಪರಾಧಿಯ ಹೆಸರು ಕೆಲವೇ ಗಂಟೆಗಳಲ್ಲಿ ಲೋಕಕ್ಕೆಲ್ಲ ತಿಳಿಯಿತು. ಸಣ್ಣ ಊರಿನ ಸಣ್ಣ ಕಚೇರಿಯ ಸರ್ವರು ಮೂರು ದಿನಕ್ಕೊಮ್ಮೆ ಬೀಳುತ್ತಿದ್ದರೆ ಪತ್ತೆ ಮಾಡುವ ಬಗೆ ಹೇಗೆ? ಇದನ್ನು ಬಲ್ಲವರು ಅನುಸರಿಸುವ ಕ್ರಮ ಒಳ್ಳೆಯ ಪಂಚಾಯಿತಿಯ ಕ್ರಮದಂತಿದೆ. ಮೊದಲ ಪ್ರಶ್ನೆ: ಬೀಳಲು ಆರಂಭವಾದದ್ದು ಯಾವಾಗ, ಅದಕ್ಕೆ ಮುಂಚೆ ಮನೆಯೊಳಗೆ ಹೊಸದಾಗಿ ಬಂದವರು ಯಾರು? ಹೊಸ ಸಾಧನವೇ, ಹೊಸ ತಂತ್ರಾಂಶವೇ, ಇದ್ದುದರ ಹೊಸ ಆವೃತ್ತಿಯೇ? ಎರಡನೆಯದು ಮರಣಶಾಸನ. ವಿಂಡೋಸ್ ಯಂತ್ರ ಬೀಳುವ ಮುನ್ನ ತನ್ನ ಕೊನೆಯ ನೆನಪುಗಳನ್ನು ‘ಮೆಮೊರಿ ಡಂಪ್’ ಎಂಬ ಕಡತದಲ್ಲಿ ಸಾಮಾನ್ಯವಾಗಿ ಬರೆದಿಟ್ಟಿರುತ್ತದೆ. ವಿನ್‌ಡಿಬಿಜಿ ಎಂಬ ಸಾಧನದಿಂದ ಅದನ್ನು ಓದಿದರೆ ಸಂಶಯಾಸ್ಪದ ಸಾರಥಿಯ ಹೆಸರು ಎಷ್ಟೋ ವೇಳೆ ದೊರೆಯುತ್ತದೆ. ಮೂರನೆಯದು ಕುಲಗೋತ್ರ ವಿಚಾರಣೆ. ಸಹಿ ಹಾಕಿದ ಸಂಸ್ಥೆ ಯಾವುದು, ತಯಾರಾದ ದಿನ ಯಾವುದು, ಯಾವ ತಂತ್ರಾಂಶದ ಬೆನ್ನಿಗೆ ಬಂದದ್ದು? ಎಂದೋ ತೆಗೆದುಹಾಕಿದ ರಕ್ಷಣಾ ತಂತ್ರಾಂಶವು ಬಿಟ್ಟುಹೋದ ಸಾರಥಿಯೊಬ್ಬ ಒಡೆಯನಿಲ್ಲದೆ ಒಳಗೇ ಉಳಿದಿರುವುದೂ ಉಂಟು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಶಾಸನದಲ್ಲಿ ಹೆಸರಿದ್ದ ಮಾತ್ರಕ್ಕೆ ಅವನೇ ಅಪರಾಧಿಯಲ್ಲ. ನಮ್ಮ ತೋಟಗಳ ನುಸಿಪೀಡೆಯನ್ನೇ ನೋಡಿ. ಬರಿಗಣ್ಣಿಗೆ ಕಾಣದ ನುಸಿ ಎಳೆಗಾಯಿಯ ತೊಟ್ಟಿನ ಹೊದಿಕೆಯಡಿ ಅಡಗಿರುತ್ತದೆ. ಕಂದುಕಲೆ ನಮಗೆ ಕಾಣುವುದು ಕಾಯಿ ಬಲಿತು ಹೊದಿಕೆಯಿಂದ ಹೊರಬಂದ ಮೇಲೆ. ಹಾಗೆಯೇ ಒಬ್ಬ ಸಾರಥಿ ಕೆಡಿಸಿದ ನೆನಪನ್ನು ಇನ್ನೊಬ್ಬ ಮುಟ್ಟಿದಾಗ ಯಂತ್ರ ಬೀಳಬಹುದು, ಸಿಕ್ಕಿಬೀಳುವವನು ಮುಟ್ಟಿದವನು. ಆದಕಾರಣ ಹಲವು ಪತನಗಳ ಶಾಸನಗಳನ್ನು ಹೋಲಿಸಬೇಕು. ಒಂದೇ ಹೆಸರು ಮರುಕಳಿಸಿದರೆ ಸಂಶಯ ಬಲವಾಗುತ್ತದೆ. ಪ್ರತಿಸಲವೂ ಬೇರೆ ಬೇರೆ ಹೆಸರು ಬಂದರೆ ಯಂತ್ರದ ನೆನಪಿನ ಬಿಲ್ಲೆಯನ್ನೇ ಪರೀಕ್ಷಿಸುವುದು ಯುಕ್ತ. ಕೊನೆಗೆ ಶಿಕ್ಷೆ. ದಾಖಲೆಗಳ ಪ್ರತಿಯನ್ನು ತೆಗೆದಿಟ್ಟುಕೊಂಡು, ಸಾರಥಿಯನ್ನು ಅಳಿಸದೆ ನಿಷ್ಕ್ರಿಯಗೊಳಿಸಿಯೋ ಹಳೆಯ ಆವೃತ್ತಿಗೆ ಮರಳಿಸಿಯೋ ಕೆಲವು ದಿನ ಕಾದು ನೋಡಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ. ಮಾಹಿತಿಯ ತಟ್ಟೆಯನ್ನು ನಡೆಸುವ ಸಾರಥಿಯನ್ನು ಆತುರದಿಂದ ಕಿತ್ತೊಗೆದರೆ ಯಂತ್ರ ಮತ್ತೆ ಏಳದೇ ಹೋದೀತು.

ಇಷ್ಟೆಲ್ಲ ತಾಪತ್ರಯ ಏಕೆಂದು ಕೆಲವರು ಕೇಳಬಹುದು. ಆರಿಸಿ ಹಚ್ಚಿದರೆ ಸಾಲದೆ? ಉತ್ತರಕ್ಕಾಗಿ ಸಾಲಿನಲ್ಲಿ ನಿಂತವರ ಕಡೆಗೆ ನೋಡಬೇಕು. 2024ರಲ್ಲಿ ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 12,000 ರೂಪಾಯಿಯ ಬೆಂಬಲ ಬೆಲೆ ನಿಗದಿಯಾದಾಗ ಹೆಸರು ನೋಂದಾಯಿಸಲು ಈ ಸೀಮೆಯ ರೈತರು ಸಾಲುಗಟ್ಟಿ ನಿಂತರು. ತಿಂಗಳುಗಟ್ಟಲೆ ಅಟ್ಟದ ಮೇಲೆ ಕಾಯಿ ಕಾದಿಟ್ಟು, ಅಲುಗಿಸಿ ಸದ್ದು ಕೇಳಿ ಒಳಗಣ ಕೊಬ್ಬರಿಯ ಹದವರಿಯುವ ಜನ ಅವರು. ಅಂಥ ಸಾಲಿನ ಮುಂದೆ ಯಂತ್ರವೊಂದು ಕಾರಣ ಹೇಳದೆ ನಿಂತರೆ, ಆ ದಿನದ ತೋಟದ ಕೆಲಸ ಕೆಟ್ಟದ್ದು ರೈತನಿಗೆ. ಬೈಗುಳ ಬಿದ್ದದ್ದು ಮೇಜಿನ ಹಿಂದಿನ ಗುಮಾಸ್ತನಿಗೆ. ನಿಜವಾದ ಕರ್ತೃ ಮಾತ್ರ ತಿರುಳಿನೊಳಗೆ ಸುಖವಾಗಿ ಕುಳಿತು, ಮತ್ತೆ ಹಚ್ಚಿದೊಡನೆ ತಾನೂ ಏಳುತ್ತಾನೆ.

ಆದ್ದರಿಂದ ಕಚೇರಿಗಳ ಹಿರಿಯರಲ್ಲಿ ಒಂದು ವಿನಂತಿ. ಸರ್ವರಿನ ಪಕ್ಕದಲ್ಲಿ ಒಂದು ಹಾಳೆಯ ಪುಸ್ತಕವಿರಲಿ. ಯಾವ ದಿನ ಯಾವ ಸಾಧನ, ಯಾವ ತಂತ್ರಾಂಶ ಒಳಬಂತು, ಯಾರು ತಂದರು ಎಂಬುದನ್ನು ಅದರಲ್ಲಿ ಬರೆಯಿಸಿರಿ. ಹೊಸದನ್ನು ಮೊದಲು ಬೇರೊಂದು ಯಂತ್ರದಲ್ಲಿ ಪರೀಕ್ಷಿಸಿ ಅನಂತರ ಒಳಗೆ ಬಿಡಿರಿ. ಹೀಗೆ ಮಾಡಿದರೂ ಸರ್ವರ್ ಬೀಳಬಹುದು, ಆದರೆ ಅಂದು ಗುಮಾಸ್ತನು ಸಾಲಿನ ಎದುರು ನಿಂತು, “ಸರ್ವರನ್ನು ಇಂಥದು ಬೀಳಿಸಿತು, ತೆಗೆಯುತ್ತಿದ್ದೇವೆ, ಒಂದು ಗಳಿಗೆ ಕುಳಿತುಕೊಳ್ಳಿ” ಎಂದು ಹೇಳಬಲ್ಲನು. ಸಕರ್ಮಕ ಕ್ರಿಯಾಪದದಿಂದ ಸಾರ್ವಜನಿಕರಿಗೆ ಆಗುವ ಉಪಕಾರ ಸಾಮಾನ್ಯವಾದುದಲ್ಲ.