ಕನ್ನಡವೇನು ಕಸವೇ?



ಅಂಗಡಿಯ ಬೋರ್ಡಿನಲ್ಲಿ ಕನ್ನಡ ಇಲ್ಲದಿದ್ದರೆ ನಿಮ್ಮ ರಕ್ತ ಕುದಿಯುತ್ತದೆ. ಕುದಿಯಲೇಬೇಕು! ಬ್ಯಾಂಕಿನ ಚಲನ್‌ನಲ್ಲಿ ಕನ್ನಡ ಇಲ್ಲದಿದ್ದರೆ ಕೌಂಟರಿನ ಮುಂದೆ ನಿಂತು ನ್ಯಾಯ ಕೇಳುತ್ತೀರಿ. ಸಂತೋಷ. ಆದರೆ ಬೆಳಗಿನಿಂದ ಸಂಜೆಯವರೆಗೆ ನಿಮ್ಮ ಕಣ್ಣೆದುರೇ ಇರುವ ಕಂಪ್ಯೂಟರಿನ ಇ-ಮೇಲ್ ಒಳಗೆ ಒಂದು ಕಸದ ಬುಟ್ಟಿ ಇದೆ. ಅದರ ಹೆಸರು ಜಂಕ್. ಅದನ್ನು ನೀವು ತೆರೆದು ನೋಡಿ ಎಷ್ಟು ದಿನವಾಯಿತು? ಲಾಟರಿಯ ಆಮಿಷ, ದಿಢೀರ್ ಸಾಲ, ಬೋಳುತಲೆಯ ಎಣ್ಣೆ ಇವುಗಳ ನಡುವೆ ಅಚ್ಚುಕಟ್ಟಾದ ಕನ್ನಡದ ಒಂದು ಪತ್ರವೂ ಬಿದ್ದಿರಬಹುದು. ಅದು ಕೆಲಸದ ಸಂದರ್ಶನದ ಕರೆಯಾಗಿರಬಹುದು, ಯಾರದೋ ಹೊಟ್ಟೆಪಾಡಿನ ಆರ್ಡರ್ ಆಗಿರಬಹುದು.

ನಾನು ಮುದ್ರಣಾಲಯ ನಡೆಸುವವನು. ಈಗ ಪ್ರೂಫ್ ಹಿಡಿದು ಹುಡುಗ ಸೈಕಲ್ಲಿನಲ್ಲಿ ಹೋಗುವುದಿಲ್ಲ, ಇ-ಮೇಲಿನಲ್ಲಿ ಹೋಗುತ್ತದೆ. ಒಂದು ಕಚೇರಿಗೆ ಕರಪತ್ರದ ಪ್ರೂಫ್ ಕಳಿಸಿದೆ. ವಿಷಯದ ಸಾಲೂ ಕನ್ನಡ, ಪತ್ರವೂ ಕನ್ನಡ. ಮೂರು ದಿನ ಉತ್ತರವಿಲ್ಲ. ಫೋನ್ ಮಾಡಿದರೆ "ಬಂದೇ ಇಲ್ಲ" ಎಂದರು. ಹುಡುಕಿಸಿದರೆ ಜಂಕ್‌ನಲ್ಲಿ ಬಿದ್ದಿತ್ತು. ಅಲ್ಲಿಯ ಗುಮಾಸ್ತರು ಹೇಳಿದ ಮಾತು ಕೇಳಿ: "ಕನ್ನಡದಲ್ಲಿ ಕಳಿಸಿದರೆ ಹಂಗೇ ಆಗೋದು, ಇಂಗ್ಲಿಷಿನಲ್ಲಿ ಕಳಿಸಿ ಸ್ವಾಮಿ!"

ನೋಡಿದಿರಾ? ಕನ್ನಡದ ಪತ್ರ ಕಸದಲ್ಲಿ ಬಿದ್ದದ್ದಕ್ಕೆ ಪರಿಹಾರ ಜರಡಿಯನ್ನು ಸರಿಮಾಡುವುದಲ್ಲವಂತೆ, ಕನ್ನಡವನ್ನು ಬಿಡುವುದಂತೆ! ಇದನ್ನು ಒಪ್ಪಬೇಕೆ?

ಯಂತ್ರಕ್ಕೆ ಪಾಠ ಹೇಳಿದವರು ಯಾರು?

ಈ ಜರಡಿ, ಅಂದರೆ ಸ್ಪ್ಯಾಮ್ ಫಿಲ್ಟರ್, ಹೇಗೆ ಕೆಲಸ ಮಾಡುತ್ತದೆಂದು ತಿಳಿಯಿರಿ. 2002ರಲ್ಲಿ ಅಮೆರಿಕದ ಪಾಲ್ ಗ್ರಹಾಂ ಬರೆದ ಒಂದು ಲೇಖನದಿಂದ ಈ ವಿಧಾನ ಜನಪ್ರಿಯವಾಯಿತು. ಕಸದ ಪತ್ರಗಳಲ್ಲಿ ಯಾವ ಪದ ಎಷ್ಟು ಸಲ ಬರುತ್ತದೆ, ಒಳ್ಳೆಯ ಪತ್ರಗಳಲ್ಲಿ ಎಷ್ಟು ಸಲ ಬರುತ್ತದೆ ಎಂದು ಲೆಕ್ಕ ಇಟ್ಟು, ಹೊಸ ಪತ್ರವನ್ನು ಅದರಲ್ಲಿ ತೂಗುವುದು. ಥಂಡರ್‌ಬರ್ಡ್ ಎಂಬ ಉಚಿತ ಇ-ಮೇಲ್ ತಂತ್ರಾಂಶದ ಜರಡಿಯೂ ಇದೇ ಜಾತಿಯದು. ಲೆಕ್ಕದ ಪುಸ್ತಕ ನಿಮ್ಮ ಕಂಪ್ಯೂಟರಿನಲ್ಲೇ ಇರುತ್ತದೆ. ಅದನ್ನು ತುಂಬುವವರು ನೀವೇ.

ಈಗ ಎದೆ ಮುಟ್ಟಿ ಹೇಳಿ. ಗೆಳೆಯನಿಗೆ ಇಂಗ್ಲಿಷಿನಲ್ಲಿ ಬರೆಯುತ್ತೀರಿ. ಮೇಲಧಿಕಾರಿಗೆ ಇಂಗ್ಲಿಷ್. ಅಪ್ಪನಿಗೆ ಬರೆದರೂ ಇಂಗ್ಲಿಷ್ ಅಕ್ಷರದಲ್ಲಿ ಹಿಸುಕಿದ ಕನ್ನಡ. ನಿಮ್ಮ ಪೆಟ್ಟಿಗೆಗೆ ಕನ್ನಡ ಲಿಪಿಯಲ್ಲಿ ಬರುವುದು ಸಾಲದ ಏಜೆಂಟನ ಜಾಹೀರಾತು ಮಾತ್ರ. ಅದನ್ನು ಕಸವೆಂದು ಗುರುತು ಹಾಕುತ್ತೀರಿ. ಒಳ್ಳೆಯದಕ್ಕೆಲ್ಲ ಇಂಗ್ಲಿಷ್, ಕಸಕ್ಕೆ ಮಾತ್ರ ಕನ್ನಡ ಎಂದು ದಿನವೂ ಪಾಠ ಹೇಳಿದರೆ ಯಂತ್ರ ಇನ್ನೇನು ಕಲಿಯಬೇಕು? ಅದಕ್ಕೆ ಕನ್ನಡದ ಮೇಲೆ ದ್ವೇಷವಿಲ್ಲ. ಅದು ನಿಮ್ಮ ನಿರಭಿಮಾನವನ್ನು ನಿಮಗೇ ಒಪ್ಪಿಸುತ್ತಿದೆ!

ಇನ್ನೊಂದು ಕಷ್ಟವಿದೆ. ಇಂಗ್ಲಿಷಿನ ಪದ ಹೆಚ್ಚು ರೂಪ ಬದಲಿಸುವುದಿಲ್ಲ. ನಮ್ಮಲ್ಲಿ ಮುದ್ರಣ, ಮುದ್ರಣಕ್ಕೆ, ಮುದ್ರಣದಲ್ಲಿ, ಮುದ್ರಣದಿಂದ. ನಮಗೆ ಒಂದೇ ಪದ, ಪದ ಎಣಿಸುವ ಜರಡಿಗೆ ನಾಲ್ಕು. ಆದ್ದರಿಂದ ಕನ್ನಡ ಕಲಿಸಲು ಹೆಚ್ಚು ಪತ್ರ ಬೇಕು. ನಾವೋ, ಇರುವುದನ್ನೂ ಕಲಿಸುತ್ತಿಲ್ಲ.

ಪಟ್ಟಿಯಲ್ಲಿ ನಮ್ಮ ಹೆಸರಿಲ್ಲ

ಸರ್ವರ್‌ಗಳಲ್ಲಿ ಓಡುವ ಸ್ಪ್ಯಾಮ್‌ಅಸಾಸಿನ್ ಎಂಬ ಜರಡಿಯ 3.4ನೇ ಆವೃತ್ತಿಯ ಕೈಪಿಡಿ ತೆಗೆದು ನೋಡಿ. ಅದು ಗುರುತಿಸುವ ಭಾಷೆಗಳ ಪಟ್ಟಿಯಲ್ಲಿ ಹಿಂದಿ ಇದೆ, ಮರಾಠಿ ಇದೆ, ನೇಪಾಳಿ ಇದೆ, ತಮಿಳು ಇದೆ, ಸಂಸ್ಕೃತವೂ ಇದೆ. ಕನ್ನಡ ಇಲ್ಲ! ಬೈದು ಪ್ರಯೋಜನವಿಲ್ಲ. ಅದು ಮುಕ್ತ ತಂತ್ರಾಂಶ, ಯಾರು ಬೇಕಾದರೂ ತಿದ್ದಿ ಕಳಿಸಬಹುದು. ಮಾದರಿ ಬರಹ ಸಿಕ್ಕಿದ ಭಾಷೆ ಒಳಗೆ ಬರುತ್ತದೆ, ಸಿಗದ ಭಾಷೆ ಹೊರಗೆ ಉಳಿಯುತ್ತದೆ. ಬೆಂಗಳೂರನ್ನು ಐಟಿ ರಾಜಧಾನಿ ಎಂದು ಕೊಚ್ಚಿಕೊಳ್ಳುವ ನಮ್ಮಲ್ಲಿ ಇದನ್ನು ಮಾಡಬಲ್ಲ ಕನ್ನಡದ ಇಂಜಿನಿಯರುಗಳಿಗೆ ಬರವೆ?

ಕೆಲವು ಕಚೇರಿಗಳು ಇನ್ನೂ ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿ ಇ-ಮೇಲಿಗೆ ಅಂಟಿಸುತ್ತವೆ. ಆ ಫಾಂಟ್ ಇಲ್ಲದ ಕಡೆ ಅದು ಕನ್ನಡವಲ್ಲ, ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಅಂಥದ್ದನ್ನು ಜರಡಿ ಅನುಮಾನಿಸಿದರೆ ತಪ್ಪೇನು? 1991ರ ಮೊದಲ ಆವೃತ್ತಿಯಿಂದಲೇ ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಜಾಗವಿದೆ. ಬಳಸಲು ಏನು ಧಾಡಿ?

ಇವತ್ತೇ ಮಾಡಿ

ಇದಕ್ಕೆ ಮೆರವಣಿಗೆ ಬೇಡ, ಹತ್ತು ನಿಮಿಷ ಸಾಕು.

ಥಂಡರ್‌ಬರ್ಡ್ ಇದ್ದರೆ ಅಕೌಂಟ್ ಸೆಟ್ಟಿಂಗ್ಸ್‌ನಲ್ಲಿ ಜಂಕ್ ಸೆಟ್ಟಿಂಗ್ಸ್ ತೆರೆಯಿರಿ. ನಿಮ್ಮ ವಿಳಾಸ ಪುಸ್ತಕದಲ್ಲಿ ಇರುವವರ ಪತ್ರವನ್ನು ಕಸವೆಂದು ಗುರುತಿಸಬಾರದು ಎಂಬ ಆಯ್ಕೆ ಅಲ್ಲಿದೆ, ಟಿಕ್ ಮಾಡಿ. ಕನ್ನಡದಲ್ಲಿ ಬರೆಯುವ ಪ್ರತಿಯೊಬ್ಬರನ್ನೂ ವಿಳಾಸ ಪುಸ್ತಕಕ್ಕೆ ಸೇರಿಸಿ. ಹಳೆಯ ಜಂಕ್ ಪತ್ರಗಳನ್ನು ತಾನಾಗಿ ಅಳಿಸುವ ಆಯ್ಕೆಗೆ ಟಿಕ್ ಇದ್ದರೆ ತೆಗೆಯಿರಿ. ಜಂಕ್‌ನಲ್ಲಿ ಬಿದ್ದ ಒಳ್ಳೆಯ ಪತ್ರವನ್ನು ಸುಮ್ಮನೆ ಎಳೆದು ತರಬೇಡಿ. ಶಿಫ್ಟ್ ಒತ್ತಿ ಹಿಡಿದು ಜೆ ಕೀಲಿ ಒತ್ತಿ, "ಇದು ಕಸವಲ್ಲ" ಎಂದು ಹೇಳಿಯೇ ತನ್ನಿ. ನೇರವಾಗಿ ಬಂದ ಒಳ್ಳೆಯ ಕನ್ನಡ ಪತ್ರಗಳಿಗೂ ಅದನ್ನೇ ಮಾಡಿ. ಜರಡಿಗೆ ಕಸವನ್ನು ತೋರಿಸಿದರೆ ಸಾಲದು, ಕಾಳನ್ನೂ ತೋರಿಸಬೇಕು.

ಹಳೆಯ ಮಾದರಿಯ ಔಟ್‌ಲುಕ್ ಇದ್ದರೆ ಜಂಕ್ ಇ-ಮೇಲ್ ಆಪ್ಷನ್ಸ್ ತೆರೆಯಿರಿ. ಅನುಮಾನದ ಪತ್ರವನ್ನು ಜಂಕ್‌ಗೂ ಹಾಕದೆ ಶಾಶ್ವತವಾಗಿ ಅಳಿಸುವ ಟಿಕ್ ಅಲ್ಲಿದೆ. ಅದನ್ನು ಎಂದೂ ಹಾಕಬೇಡಿ. ಪತ್ರ ಬಂದ ಸುಳಿವೂ ಉಳಿಯುವುದಿಲ್ಲ! ನೀವು ಪತ್ರ ಬರೆದವರನ್ನೆಲ್ಲ ಸುರಕ್ಷಿತರ ಪಟ್ಟಿಗೆ ತಾನಾಗಿ ಸೇರಿಸುವ ಟಿಕ್ ಕೂಡ ಇದೆ. ಅದನ್ನು ಹಾಕಿ.

ಆದರೆ ಒಂದು ಎಚ್ಚರ. ಕನ್ನಡದಲ್ಲಿದೆ ಎಂದ ಮಾತ್ರಕ್ಕೆ ಎಲ್ಲವೂ ಚಿನ್ನವಲ್ಲ. ಒಟಿಪಿ ಕೇಳುವ ಕಳ್ಳನೂ ಈಗ ಕನ್ನಡ ಕಲಿತಿದ್ದಾನೆ. ಅವನ ಪತ್ರವನ್ನು ಮುಲಾಜಿಲ್ಲದೆ ಜಂಕ್‌ಗೆ ತಳ್ಳಿ. ಕಳ್ಳನನ್ನು ಹಿಡಿಯಿರಿ, ಅವನು ಆಡಿದ ಭಾಷೆಯನ್ನಲ್ಲ.

ಇಷ್ಟು ಮಾಡಿದ ಮೇಲೆ ಕೊನೆಯ ಕೆಲಸ, ಎಲ್ಲಕ್ಕಿಂತ ದೊಡ್ಡದು: ಬರೆಯಿರಿ! ದಿನಕ್ಕೊಂದು ಇ-ಮೇಲ್, ಕನ್ನಡ ಲಿಪಿಯಲ್ಲಿ, ವಿಷಯದ ಸಾಲೂ ಕನ್ನಡದಲ್ಲಿ. 1963ರ ಕಾನೂನಿನಿಂದಲೇ ಕನ್ನಡ ಈ ರಾಜ್ಯದ ಆಡಳಿತ ಭಾಷೆ. ಸರ್ಕಾರಿ ಕಚೇರಿಗೆ ಕನ್ನಡದಲ್ಲೇ ಬರೆಯಿರಿ, ಉತ್ತರ ಬರದಿದ್ದರೆ ಜಂಕ್ ತೆಗೆಸಿ ತೋರಿಸಿ ಎಂದು ಕೇಳಿ. "ಇಂಗ್ಲಿಷಿನಲ್ಲಿ ಕಳಿಸಿ" ಎನ್ನುವವರಿಗೆ ಒಂದೇ ಉತ್ತರ: ನಾವು ಭಾಷೆ ಬದಲಿಸುವುದಿಲ್ಲ, ನೀವು ಸೆಟ್ಟಿಂಗ್ ಬದಲಿಸಿ!